ಅಟ್ಟದ ಮೇಲಿನ ಕವಲು

"ಅಮ್ಮಾ, ಈ ವೈರು ಗೋಡೆ ತೂರಿ ಆ ಮನೆಗೂ ಹೋಗೈತೆ. ಕತ್ತರಿಸ್ಬಿಡ್ಲಾ?"

ಅಟ್ಟದ ಕತ್ತಲಿನಿಂದ, ಟಿವಿ ವೈರು ಎಳೆಯಲು ಬಂದಿದ್ದ ಚನ್ನೇಶನ ದನಿ ಬಂತು. ಕೆಳಗೆ ಏಣಿ ಹಿಡಿದು ನಿಂತಿದ್ದ ಶಿವಗಂಗಮ್ಮ ಯೋಚಿಸಲೂ ಹೋಗಲಿಲ್ಲ.

"ಕತ್ತರಿಸಪ್ಪ. ಆ ಮನೆ ಋಣ ಎಂದೋ ಹರಿದೈತೆ. ವೈರೊಂದು ಯಾಕೆ ಉಳೀಬೇಕು?"

ಆ ಮನೆ ಎಂದರೆ ಪಕ್ಕದ್ದೇ, ಗೋಡೆಯಾಚೆಯದು. ಶಿವಗಂಗಮ್ಮನ ಗಂಡ, ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಇಂದುಧರಪ್ಪ, ಮತ್ತು ಮೈದುನ ಮಹಾಂತೇಶ ಒಂದೇ ಪಡಸಾಲೆಯಲ್ಲಿ ಉಂಡು ಬೆಳೆದವರು. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎನ್ನುವ ಮಾತನ್ನು ಸುಳ್ಳು ಮಾಡುವಷ್ಟು ದೊಡ್ಡವರಲ್ಲ ಇಬ್ಬರೂ. ಜಾವಗಲ್ಲಿನ ತೋಟ ಪಾಲಾಗುವಾಗ ಮಾತು ನಿಂತಿತು, ಪಡಸಾಲೆಯ ನಡುವೆ ಗೋಡೆ ಎದ್ದಿತು. ಹೋದ ತಿಂಗಳು ಅಣ್ಣ ತೀರಿಕೊಂಡಾಗ ಮಹಾಂತೇಶ ಬಂದು ಹೆಗಲು ಕೊಟ್ಟ, ಮಣ್ಣು ಹಾಕಿದ, ಅತ್ತಿಗೆಯ ಮುಖ ನೋಡದೆ ಹೊರಟುಹೋದ.

ಅಷ್ಟಕ್ಕೇ ಬಿಟ್ಟಿದ್ದರೆ ಆಕೆಯೂ ಸುಮ್ಮನಿರುತ್ತಿದ್ದರೇನೋ. ಆದರೆ ಮಾರನೆಯ ದಿನದಿಂದಲೇ, ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ, ಆ ಕಡೆ ಟಿವಿ ಹತ್ತುತ್ತಿತ್ತು. ಹಾಡಿಲ್ಲ, ಮಾತಿಲ್ಲ, ಬರೀ ಸೊಯ್ ಎನ್ನುವ ಸದ್ದು. ಸಾವಾದ ಮನೆಯ ಹೊಟ್ಟೆ ಉರಿಸುವುದಕ್ಕೆಂದೇ ಹೀಗೆ ಮಾಡುತ್ತಾನೆ ಎಂದು ಶಿವಗಂಗಮ್ಮ ಹಲ್ಲು ಕಡಿಯುತ್ತಿದ್ದರು. ಮೊದಲೂ ಅವನು ಹಾಗೇ. ಹಳೇ ಕಪ್ಪುಬಿಳುಪು ಸಿನಿಮಾ ಹಾಕಿಕೊಂಡು ಬೀದಿಗೆಲ್ಲ ಕೇಳುವಷ್ಟು ಜೋರಾಗಿ ಇಡುತ್ತಿದ್ದ. ಆಕೆ ಜಗಲಿಗೆ ಬಂದು ಬೈದದ್ದೂ ಉಂಟು.

ಗಂಡನ ಹೆಸರಿನ ಕೇಬಲ್ಲು ನಿಂತುಹೋಗಿತ್ತು. ಅಮ್ಮ ಗೋಡೆ ನೋಡುತ್ತಾ ಕೂರುವುದು ಬೇಡವೆಂದು ತಿಪಟೂರಿನ ಮಗಳು ಮೇಘಶ್ರೀ ಛತ್ರಿ ಆಂಟೆನಾ, ಹೊಸ ಬಾಕ್ಸು ಕಳಿಸಿದ್ದಳು. ಗೋಡೆಗೆ ಮತ್ತೆ ತೂತು ಕೊರೆಯಬೇಡ, ಇರುವ ವೈರಿಗೇ ಕೂಡಿಸು ಎಂದು ಶಿವಗಂಗಮ್ಮ ಚನ್ನೇಶನಿಗೆ ಮೊದಲೇ ಹೇಳಿದ್ದರು.

"ಛತ್ರಿಗೆ ಹಳೇ ಕೇಬಲ್ ವೈರೇ ಸಾಕು," ಎಂದ ಚನ್ನೇಶ ಮೇಲಿನಿಂದ. "ಬಾಕ್ಸಿಂದ ಟಿವಿಗೆ ಹೋಗೋ ವೈರು ಇಲ್ಲಿ ಕವಲಾಗೈತೆ ನೋಡಿ. ಒಂದು ನಿಮಗೆ, ಇನ್ನೊಂದು ಅವರಿಗೆ. ನೀವಿಲ್ಲಿ ಏನು ಹಾಕಿದ್ರೂ ಅಲ್ಲೂ ಅದೇ ಬರ್ತಿತ್ತು. ರಿಮೋಟು ನಿಮ್ದೇ."

"ಅವನಿಗೆ ಬೇರೆ ಕನೆಕ್ಷನ್ ಇಲ್ವಾ?"

"ಎಲ್ಲೈತೆ? ಮಾಡಿನ ಮೇಲೆ ಅವರದ್ದೊಂದು ವೈರೂ ಇಲ್ಲ. ಇಲ್ಲಿ ಸುತ್ತಿರೋ ಟೇಪು ಇನ್ನೂ ಹೊಸದು. ಯಾರೋ ಕೈಯಲ್ಲೇ ಸುತ್ತವ್ರೆ, ದಪ್ಪಕ್ಕೆ."

ಶಿವಗಂಗಮ್ಮ ಏಣಿಯ ಒಂದು ಮೆಟ್ಟಿಲು ಹತ್ತಿ ಮೇಲೆ ನೋಡಿದರು. ಸಕ್ಕರೆ ಕಾಯಿಲೆಗೆ ಕಣ್ಣು ಪೂರ್ತಿ ಹೋಗುವ ಮೊದಲು, ಇಲಿ ಸತ್ತ ವಾಸನೆ ಬರುತ್ತಿದೆ ಎಂದು ಇಂದುಧರಪ್ಪ ಅಟ್ಟ ಹತ್ತಿದ್ದರು. ಇಳಿದಾಗ ಕೈಯಲ್ಲಿ ಇಲಿ ಇರಲಿಲ್ಲ.

ಆಮೇಲೆ ಕಣ್ಣು ಹೋಯಿತು. ಆದರೂ ದಿನಾ ಸಂಜೆ ಕುರ್ಚಿಯನ್ನು ಗೋಡೆಗೆ ಆನಿಸಿ ಕೂತು, ರಿಮೋಟಿನ ಗುಂಡಿಗಳನ್ನು ಬೆರಳಲ್ಲಿ ತಡವಿ ಚಂದನ ಚಾನೆಲ್ಲು ಹಾಕುತ್ತಿದ್ದರು. ಟಿವಿಯ ಸದ್ದು ಪೂರ್ತಿ ತೆಗೆದುಬಿಡುತ್ತಿದ್ದರು.

"ಕಣ್ಣಿಲ್ದೋರಿಗೆ ಚಿತ್ರ ಯಾಕ್ರೀ? ಕಿವಿ ಐತಲ್ಲ, ಸದ್ದಾದ್ರೂ ಇಟ್ಕೊಳ್ಳಿ," ಎಂದರೆ, "ಇರ್ಲಿ ಬಿಡೇ, ಕೇಳ್ತೈತೆ," ಎನ್ನುತ್ತಿದ್ದರು. ಬುದ್ಧಿಗೂ ಸಕ್ಕರೆ ಏರಿದೆ ಎಂದು ಆಕೆ ಮಗಳ ಹತ್ತಿರ ಫೋನಿನಲ್ಲಿ ಹೇಳಿ ಅತ್ತಿದ್ದರು. ಗೋಡೆಯಾಚೆ ಮಹಾಂತೇಶ ಗೊಳ್ಳನೆ ನಕ್ಕಾಗಲೆಲ್ಲ ಈ ಕಡೆ ಗಂಡನ ತುಟಿಯೂ ಅರಳುತ್ತಿದ್ದುದನ್ನು ಆಕೆ ನೋಡಿದ್ದರು. ನೋಡಿಯೂ ತಿಳಿದಿರಲಿಲ್ಲ.

"ಅಮ್ಮಾ, ಕತ್ತರಿಸಿದ್ರೆ ನಿಮ್ ಚಿತ್ರ ಇನ್ನೂ ಚೊಕ್ಕ ಬತ್ತದೆ. ಏನ್ಮಾಡ್ಲಿ?"

"ಮುಟ್ಟಬೇಡಪ್ಪ," ಎಂದರು ಶಿವಗಂಗಮ್ಮ. "ಅವರು ಹೆಂಗೆ ಸುತ್ತವ್ರೋ ಹಂಗೇ ಇರ್ಲಿ."

ಚನ್ನೇಶ ಕೆಲಸ ಮುಗಿಸಿ, ಕಾಫಿ ಕುಡಿದು ಹೋದ. ಆಕೆ ದೀಪ ಹಚ್ಚಿ ವಿಭೂತಿ ಇಟ್ಟುಕೊಂಡು ಬರುವಷ್ಟರಲ್ಲಿ ಆಚೆ ಸೊಯ್ ಶುರುವಾಗಿತ್ತು. ಇಷ್ಟು ದಿನ ಶಾಪ ಹಾಕಿದ ಸದ್ದು ಅದೇ. ಬರಲಾರದ ಚಿತ್ರಕ್ಕೆ ಅವನು ದಿನಾ ಕಾದು ಕೂತಿದ್ದಾನೆ ಎನ್ನುವುದು ಈಗ ಕೇಳಿಸಿತು. ಆಕೆಗೆ ನಾಚಿಕೆಯಾಯಿತು.

ಗಂಡನ ಕುರ್ಚಿಯಲ್ಲಿ ಕೂತು ರಿಮೋಟು ಒತ್ತಿದರು. ಯಾವುದೋ ಹಳೇ ಸಿನಿಮಾ, ಕಪ್ಪುಬಿಳುಪಿನದು. ಟಿವಿಯ ಸದ್ದು ಪೂರ್ತಿ ತೆಗೆದರು.

ಆಚೆಯ ಸೊಯ್ ನಿಂತಿತು. ಸಿನಿಮಾದ ಮಾತು ಶುರುವಾಯಿತು. ಒಂದು ಗಳಿಗೆ ಅಷ್ಟೇ, ಅದೂ ನಿಂತಿತು. ಯಾರೋ ಕುರ್ಚಿಯನ್ನು ದರದರ ಎಳೆದು ಗೋಡೆಯ ಹತ್ತಿರ ತಂದರು. ಆಮೇಲೆ ಏನೂ ಇಲ್ಲ. ಅವನು ಸದ್ದು ತೆಗೆದು ಕಿವಿಗೊಟ್ಟಿದ್ದಾನೆ ಎಂದು ಆಕೆಗೆ ತಿಳಿಯಿತು. ಅಣ್ಣನದ್ದಲ್ಲದೆ ಇನ್ಯಾರ ಕೆಮ್ಮಿಗೆ, ಇನ್ಯಾರ ಉಸಿರಿಗೆ?

"ಮಾಂತೇಶ," ಎಂದರು ಶಿವಗಂಗಮ್ಮ ಗೋಡೆಗೆ. ಎಷ್ಟೋ ವರ್ಷದಿಂದ ಆಡದ ಹೆಸರು ಅದು. "ನಾನು ಕಣಪ್ಪ. ನಾನೊಬ್ಳೇ."

ಆಚೆಯಿಂದ ಮೂಗು ಸೀಟಿದ ಸದ್ದು ಕೇಳಿತು. ಎದುರಿನ ಟಿವಿಯಲ್ಲಿ ಯಾರೋ ಬಾಯಿ ಆಡಿಸುತ್ತಿದ್ದರು.

ಆಮೇಲೆ ಆ ಕಡೆಯ ಸದ್ದು ಮೆಲ್ಲಗೆ ಏರತೊಡಗಿತು. ಏರಿತು, ಇನ್ನೂ ಏರಿತು, ಮೊದಲಿನಂತೆಯೇ, ಎರಡು ಮನೆಗೆ ಕೇಳುವಷ್ಟು. ಶಿವಗಂಗಮ್ಮ ಕುರ್ಚಿಯನ್ನು ಹಿಂದಕ್ಕೆ ಸರಿಸಿ ಗೋಡೆಗೆ ಆನಿಸಿಕೊಂಡು ಕೂತರು.