ಕೊಕ್ಕೆ ಕೂರಿಸುವ ಕೈ

ತಲೆ ಮತ್ತೆ ಬಲಕ್ಕೆ ವಾಲಿತು. ಕುರ್ಚಿಯ ಹಿಂದೆ ನಿಂತಿದ್ದ ಗಂಡಸರು ಹೆಣವನ್ನು ನೆಟ್ಟಗೆ ಮಾಡಿ, ಹಣೆಯ ಸುತ್ತ ಬಿಳಿ ಬಟ್ಟೆ ಸುತ್ತಿ, ಕಿಟಕಿಯ ಸರಳಿಗೆ ಎಳೆದು ಕಟ್ಟಿದರು. ಕೈಬಿಟ್ಟ ಕೂಡಲೇ ಗಂಟು ಸಡಿಲಾಗಿ ತಲೆ ಇನ್ನೊಂದು ಕಡೆಗೆ ಬಾಗಿತು.

"ಒಂದು ಗಂಟು ಹಾಕೋಕೂ ಬರಲ್ವೇನ್ರೋ ನಿಮಗೆ?" ಎಂದು ದಾನಮ್ಮ ರೇಗಿದಳು. ಸತ್ತವನ ಅಕ್ಕ ಅವಳು. ಬೆಳಗ್ಗಿನಿಂದ ಅತ್ತು ಅತ್ತು ದನಿ ಬಿದ್ದುಹೋಗಿದ್ದರೂ ರೇಗುವುದಕ್ಕೆ ಮಾತ್ರ ಎಲ್ಲಿಂದಲೋ ಶಕ್ತಿ ಬರುತ್ತಿತ್ತು.

ಗೋಡೆಗೆ ಒರಗಿ ಕೂತಿದ್ದ ಕಲಾವತಿ ಎದ್ದು ಬಂದಳು. ಗಂಡನ ಹಣೆಯ ವಿಭೂತಿ ಅಳಿಸದ ಹಾಗೆ ಬಟ್ಟೆಯನ್ನು ಸರಿಸಿ ಗಂಟು ಬಿಗಿದಳು. ತಲೆ ನಿಂತಿತು. ಸೀರೆಗೆ ಕುಚ್ಚು ಕಟ್ಟಿಕೊಂಡು ಬಂದ ಕೈ ಅದು. ಕಾಮಾಕ್ಷಿಪಾಳ್ಯದ ಆ ಬೀದಿಯಲ್ಲಿ ಮದುವೆಯಾದ ಹೆಣ್ಣುಮಕ್ಕಳ ಧಾರೆ ಸೀರೆಗಳೆಲ್ಲ ಆ ಬೆರಳುಗಳನ್ನು ದಾಟಿಯೇ ಹಸೆಮಣೆಗೆ ಹೋಗಿದ್ದವು.

ಪಂಚಾಕ್ಷರಿ ಹೋಗಿದ್ದು ಹಿಂದಿನ ದಿನ ಸಂಜೆ. ಕಾಫಿ ಕುಡಿದು ಲೋಟ ಕೆಳಗಿಟ್ಟವನು ಎದೆ ಹಿಡಿದುಕೊಂಡು ಹಾಗೇ ಒರಗಿಬಿಟ್ಟ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ರಿಟೈರ್ ಆದ ಮನುಷ್ಯ. ಮಾತು ಕಮ್ಮಿ. ಇಂಥವನ ಸಾವಿಗೆ ಎಷ್ಟು ಜನ ಬಂದಾರು? ನೆಂಟರು, ಬೀದಿಯವರು, ಜೊತೆಗೆ ಕೆಲಸ ಮಾಡಿದ ಒಂದಿಬ್ಬರು. ಹಾಗಂದುಕೊಂಡೇ ಕಲಾವತಿ ಚಿಕ್ಕ ಶಾಮಿಯಾನ ಸಾಕು ಎಂದಿದ್ದಳು.

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಕಾರುಗಳು ಬಂದು ನಿಂತವು. ಇಳಿದವರನ್ನು ಅವಳು ಜನ್ಮದಲ್ಲಿ ನೋಡಿರಲಿಲ್ಲ. ಎಲ್ಲರ ಅಂಗಿಯ ಮೇಲೂ ಪುಟ್ಟ ಇಂಜಿನ್ನಿನ ಬ್ಯಾಡ್ಜು. ದೊಡ್ಡದೊಂದು ಹೂವಿನ ಚಕ್ರವನ್ನು ಹೊತ್ತು ತಂದು ಪಂಚಾಕ್ಷರಿಯ ಕಾಲ ಬಳಿ ಇಟ್ಟರು. ಅದರ ರಿಬ್ಬನ್ನಿನ ಮೇಲೆ, 'ನಮ್ಮ ಚಿನ್ನದ ಕೈ ಪಂಚಾಕ್ಷರಿ ಅಣ್ಣನಿಗೆ, ಪುಟಾಣಿ ರೈಲು ಸಂಘ, ರಾಜಾಜಿನಗರ' ಎಂದು ಬರೆದಿತ್ತು.

ಅವರಲ್ಲಿ ಬಿಳಿ ಗಡ್ಡದವರೊಬ್ಬರು ಕಲಾವತಿಯ ಮುಂದೆ ಕೈಮುಗಿದು ಕೂತರು.

"ನಾನು ಅಶ್ವತ್ಥ್ ಅಂತ ಅಮ್ಮ, ಸಂಘದ ಕಾರ್ಯದರ್ಶಿ. ನಿಮ್ಮನ್ನ ನೋಡ್ತಾ ಇರೋದು ಇದೇ ಮೊದಲು. ನಿಮಗೆ ಈ ಆಟದ ರೈಲು ಅಂದ್ರೆ ಆಗಲ್ಲ, ಅದಕ್ಕೇ ಕರ್ಕೊಂಡ್ ಬರಲ್ಲ ಅಂತಿದ್ರು ಅಣ್ಣ."

"ನನಗಾ? ಆಗಲ್ಲ ಅಂತಾನಾ?"

ಅವರಿಗೆ ಅವಳ ಪ್ರಶ್ನೆ ಕೇಳಿಸಲಿಲ್ಲ. ಕಣ್ಣೊರೆಸಿಕೊಳ್ಳುತ್ತ ಮುಂದುವರಿಸಿದರು. "ಏನ್ ಕೈ ಅಮ್ಮ ಅವರದು! ಇಂಜಿನ್ ಜರ್ಮನಿಯಿಂದ ತರಿಸಿರ್ತೀವಿ, ಬೋಗಿ ಇನ್ನೆಲ್ಲಿದೋ ಆಗಿರತ್ತೆ. ಇದರ ಕೊಕ್ಕೆಗೂ ಅದರ ಕೊಕ್ಕೆಗೂ ಹೊಂದಲ್ಲ. ಹಳೇದನ್ನ ಕಿತ್ತು ಹೊಸ ಕೊಕ್ಕೆ ಕೂರಿಸ್ಬೇಕು. ಅದರೊಳಗೊಂದು ಸ್ಪ್ರಿಂಗ್ ಇರತ್ತೆ, ಸಾಸಿವೆ ಕಾಳಿಗಿಂತ ಚಿಕ್ಕದು. ನಾವು ಮುಟ್ಟಿದ್ರೆ ಟಕ್ ಅಂತ ಹಾರಿ ಹೋಯ್ತು, ಆಮೇಲೆ ಮನೆಯೆಲ್ಲ ಗುಡಿಸಿದ್ರೂ ಸಿಗಲ್ಲ. ಅಣ್ಣ ಏನ್ ಮಾಡೋರು ಗೊತ್ತಾ? ಹೂವು ತರೋ ಪ್ಲಾಸ್ಟಿಕ್ ಕವರ್ ಒಳಗೆ ಎರಡೂ ಕೈ ಇಟ್ಕೊಂಡು ಕೆಲಸ ಮಾಡೋರಂತೆ! ಹಾರಿದ್ರೂ ಅಲ್ಲೇ ಬೀಳತ್ತೆ. ಅದಕ್ಕೆ ಪಂಚಾಕ್ಷರಿ ಮೆಥಡ್ ಅಂತಾನೇ ಹೆಸರಿಟ್ಟಿದೀವಿ ನಾವು."

ಕಲಾವತಿ ಮುಂದಕ್ಕೆ ಬಾಗಿದಳು.

"ಅವರು ಮಾಡೋದನ್ನ ನೀವು ಕಣ್ಣಾರೆ ನೋಡಿದೀರಾ?"

"ಎಲ್ಲಿ ನೋಡೋಕೆ ಬಿಟ್ರು! ಯಾರಾದ್ರೂ ನೋಡ್ತಿದ್ರೆ ಕೈ ನಡುಗತ್ತೆ ಅನ್ನೋರು. ಮನೆಗೆ ತಗೊಂಡ್ಹೋಗಿ ಮಾಡ್ಕೊಂಡ್ ಬರೋರು."

ಅವಳು ಗಂಡನ ಮುಖ ನೋಡಿದಳು. ಅವಳೇ ಕಟ್ಟಿದ ಗಂಟಿನಲ್ಲಿ ತಲೆ ನೆಟ್ಟಗೆ ಮಾಡಿಕೊಂಡು, ಏನೂ ತಿಳಿಯದವನ ಹಾಗೆ ಕೂತಿದ್ದ.

* * *

ವರ್ಷಗಳ ಹಿಂದೆ, ಮೊದಲ ಇಂಜಿನ್ ಮನೆಗೆ ಬಂದ ಸಂಜೆ, ಪಂಚಾಕ್ಷರಿ ಅಡುಗೆಮನೆಯ ನೆಲದ ಮೇಲೆ ಮೊಣಕಾಲೂರಿಕೊಂಡು ತಡಕಾಡುತ್ತಿದ್ದ.

"ಅಲ್ಲಾಡ್ಬೇಡ ಕಣೇ, ತುಳಿದುಬಿಟ್ಟೀಯ!"

"ಏನ್ ಬೀಳಿಸ್ಕೊಂಡ್ರಿ?"

"ಸ್ಪ್ರಿಂಗು. ಹಾಕೋಕೆ ಹೋದೆ, ಹಾರಿಹೋಯ್ತು."

ಸ್ಪ್ರಿಂಗ್ ಅವಳ ಸೀರೆಯ ನೆರಿಗೆಯಲ್ಲಿ ಸಿಕ್ಕಿತು. ಅವನು ಮತ್ತೆ ಪ್ರಯತ್ನಿಸಿದ. ವರ್ಷಗಟ್ಟಲೆ ಕಬ್ಬಿಣ ಹಿಡಿದು ಬೆರಳ ತುದಿ ಜಡ್ಡುಗಟ್ಟಿತ್ತು. ಸುಡುವ ಲೋಟ ಹಿಡಿದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ, ಇನ್ನು ಕೂದಲೆಳೆಯಂಥ ತಂತಿ ಎಲ್ಲಿ ಗೊತ್ತಾಗಬೇಕು? ನೋಡಿ ನೋಡಿ ಸಾಕಾಗಿ, "ಕೊಡಿ ಇಲ್ಲಿ" ಎಂದು ಅವಳೇ ಇಸಿದುಕೊಂಡಳು. ಮಲ್ಲಿಗೆ ಹೂವು ತಂದಿದ್ದ ಕವರನ್ನು ಕೊಡವಿ, ಇಂಜಿನ್ನನ್ನು ಅದರೊಳಗಿಟ್ಟು, ತಾನೂ ಕೈ ತೂರಿಸಿದಳು. ಉಸಿರು ಹಿಡಿದಳು. ಕೊಕ್ಕೆ ಟಕ್ಕೆಂದು ಕೂತಿತು.

"ಅಯ್ಯೋ ನಿನ್ನ! ಹೆಂಗ್ ಮಾಡ್ದೆ?"

"ಉಸಿರು ಬಿಗಿ ಹಿಡೀಬೇಕು ರೀ. ಕುಚ್ಚಿನ ಎಳೆ ಬಿಡಿಸೋವಾಗ್ಲೂ ಹಂಗೇ. ಸ್ಪ್ರಿಂಗ್‌ನ ದಬಾಯಿಸ್ಬಾರ್ದು, ಅದಾಗೇ ಬಂದು ಕೂತ್ಕೊಳ್ಳೋ ತನಕ ಕಾಯ್ಬೇಕು."

ಅವತ್ತಿನಿಂದ ಅದು ಮನೆಯ ರೂಢಿಯಾಯಿತು. ಅವನು ಹಳೆಯ ಕೊಕ್ಕೆ ಬಿಚ್ಚಿಕೊಡುವನು, ಅವಳು ಚಿಮಟ ಹಿಡಿದು ಹೊಸದನ್ನು ಕೂರಿಸುವಳು. ಕವರಿನೊಳಗೆ ಕೈ ಸಿಕ್ಕಿಕೊಂಡಿರುತ್ತಿತ್ತಲ್ಲ, ಅವನು ಪಕ್ಕದಲ್ಲಿ ಕೂತು ಕಿತ್ತಳೆ ಹಣ್ಣು ಬಿಡಿಸಿ, ನಾರು ತೆಗೆದು, ಒಂದೊಂದೇ ತೊಳೆ ಅವಳ ಬಾಯಿಗೆ ಇಡುತ್ತಿದ್ದ. ಮದುವೆಯಾದ ಮೇಲೆ ಅವರಿಬ್ಬರೂ ಜೊತೆಯಲ್ಲಿ ಮಾಡಿದ ಕೆಲಸ ಅದೊಂದೇ. ಆ ಸಂಜೆಗಳಲ್ಲಿ ಕಲಾವತಿ ಸುಖವಾಗಿದ್ದಳು.

"ಯಾರದ್ರೀ ಇವೆಲ್ಲ?" ಎಂದು ಕೇಳಿದ್ದಳು.

"ಯಾವುದೋ ಅಂಗಡಿಯವರದು. ಯಾರು ಮಾಡಿದ್ರು ಅಂತ ಯಾರು ಕೇಳ್ತಾರೆ ಬಿಡು."

"ಒಂದ್ಸಲನಾದ್ರೂ ಓಡೋದನ್ನ ನೋಡ್ಬೇಕಲ್ರೀ."

"ಅಂಗಡೀಲಿ ಎಲ್ಲಿ ಓಡಿಸ್ತಾರೆ? ಡಬ್ಬಿಗೆ ಹಾಕಿ ಕಳಿಸ್ತಾರೆ ಅಷ್ಟೇ."

ಅವಳು ನಂಬಿದಳು. ನಂಬದೇ ಇರುವುದಕ್ಕೆ ಏನಿತ್ತು?

* * *

ರಂಜಿನಿಯನ್ನು ಕೈಹಿಡಿದು ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಎಳೆದುಕೊಂಡು ಬಂದಳು ಕಲಾವತಿ. ಒಬ್ಬಳೇ ಮಗಳು, ಕೆಂಗೇರಿಯಲ್ಲಿ ಸಂಸಾರ.

"ನಿಮ್ಮಪ್ಪ ಭಾನುವಾರ ಮಠಕ್ಕೆ ಅಂತ ಎಲ್ಲಿಗೆ ಹೋಗ್ತಿದ್ರು?"

ರಂಜಿನಿ ಮುಖ ಕೆಳಗೆ ಹಾಕಿದಳು. ಅಷ್ಟು ಸಾಕಾಯಿತು.

"ನಿನಗೆ ಗೊತ್ತಿತ್ತು."

"ಹೋದ ವರ್ಷ ಗೊತ್ತಾಯ್ತು ಅಮ್ಮ. ಸನ್ಮಾನ ಇದೆ ಬಾ ಅಂತ ಕರೆದ್ರು, ಹೋದೆ."

"ತೋರಿಸು. ಫೋನಲ್ಲಿ ಇರತ್ತಲ್ಲ."

"ಇವತ್ತು ಬೇಡಮ್ಮ..."

"ತೋರಿಸೇ."

ವಿಡಿಯೋದಲ್ಲಿ ಒಂದು ದೊಡ್ಡ ಹಾಲು. ಮೇಜುಗಳ ಮೇಲೆ ಗುಡ್ಡ, ಸೇತುವೆ, ಸ್ಟೇಷನ್ನು. ಅವುಗಳ ನಡುವೆ ಉದ್ದನೆಯ ರೈಲೊಂದು ಓಡುತ್ತಿತ್ತು. ಇಂಜಿನ್ನಿನ ಹಸಿರು ಬಣ್ಣ ನೋಡಿದ ಕೂಡಲೇ ಕಲಾವತಿಗೆ ಗುರುತು ಸಿಕ್ಕಿತು. ಯುಗಾದಿ ಹಿಂದಿನ ಸಂಜೆ ಒಬ್ಬಟ್ಟಿನ ಹೂರಣ ಆರಲು ಬಿಟ್ಟು ಕೊಕ್ಕೆ ಕೂರಿಸಿದ್ದು ಅದಕ್ಕೇ. ಬಿಡದೆ, ಜಗ್ಗದೆ, ಬೋಗಿಗಳನ್ನೆಲ್ಲ ಎಳೆದುಕೊಂಡು ಸುರಂಗದೊಳಗೆ ಹೋಯಿತು. ತಾನು ಮಾಡಿದ ಕೆಲಸ ಓಡುವುದನ್ನು ಅವಳು ಮೊದಲ ಸಲ ನೋಡಿದ್ದು ಹೀಗೆ, ಗಂಡನ ಹೆಣ ಮುಂದುಗಡೆ ಇರುವಾಗ.

ಆಮೇಲೆ ವೇದಿಕೆ. ಪಂಚಾಕ್ಷರಿ ಶಾಲು ಹೊದ್ದು ನಿಂತಿದ್ದ. ಮೈಕು ಹಿಡಿದವರೊಬ್ಬರು, "ಈ ವಿದ್ಯೆ ಯಾರು ಹೇಳಿಕೊಟ್ರು ಅಣ್ಣ?" ಎಂದರು.

"ಯಾರ್ ಹೇಳಿಕೊಡ್ತಾರೆ?" ಪಂಚಾಕ್ಷರಿ ನಕ್ಕ. "ತಾನಾಗೇ ಬಂತು. ಉಸಿರು ಬಿಗಿ ಹಿಡೀಬೇಕು. ಸ್ಪ್ರಿಂಗ್‌ನ ದಬಾಯಿಸ್ಬಾರ್ದು, ಅದಾಗೇ ಬಂದು ಕೂತ್ಕೊಳ್ಳೋ ತನಕ ಕಾಯ್ಬೇಕು."

ಚಪ್ಪಾಳೆಯೋ ಚಪ್ಪಾಳೆ.

ಕಲಾವತಿ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು. ಹೆಸರು ಬೇಕಿತ್ತೇ ಅವಳಿಗೆ? ಕೇಳಿದ್ದರೆ ಬೇಡವೆಂದೇ ಅನ್ನುತ್ತಿದ್ದಳೇನೋ. ಕೇಳಲಿಲ್ಲವಲ್ಲ! ಅವಳ ಮಾತನ್ನೇ ಅವಳ ಬಾಯಿಂದ ಕಿತ್ತುಕೊಂಡು ಹೋಗಿ ಊರ ಮುಂದೆ ಆಡಿ, ಮನೆಗೆ ಬಂದು ಕಿತ್ತಳೆ ತೊಳೆ ಬಾಯಿಗಿಟ್ಟನಲ್ಲ!

"ನಾನು ಕೇಳ್ದೆ ಅಮ್ಮ," ರಂಜಿನಿ ಅಳತೊಡಗಿದಳು. "ಇಷ್ಟು ವರ್ಷ ಆದ್ಮೇಲೆ ಹೆಂಗೆ ಹೇಳ್ಲಿ ಮಗಳೇ, ಮಾನ ಹೋಗತ್ತೆ, ನಿಮ್ಮಮ್ಮಂಗೆ ಹೇಳ್ಬೇಡ ಅಂದ್ರು. ಅತ್ತೇಬಿಟ್ರು. ಅಯ್ಯೋ ಅನ್ನಿಸ್ತು."

"ಅವರನ್ನ ನೋಡಿ ಅಯ್ಯೋ ಅನ್ನಿಸ್ತು. ನನ್ನ ನೋಡಿ ಅನ್ನಿಸ್ಲಿಲ್ಲ."

"ಬಿಟ್ಬಿಡಮ್ಮ ಈಗ. ಮಣ್ಣಾಗ್ಲಿ, ಆಮೇಲೆ ಮಾತಾಡಣ."

"ಮಣ್ಣಾದ್ಮೇಲೆ ಯಾರ ಹತ್ರ ಮಾತಾಡ್ಲೇ?"

ಮುಂದುಗಡೆಯಿಂದ ದಾನಮ್ಮ ಕೂಗಿದಳು. ಗಾಡಿ ಬಂದಿತ್ತು.

* * *

ರುದ್ರಭೂಮಿಯಲ್ಲಿ ಗುಂಡಿ ತೋಡಿ, ಇಳಿಯುವುದಕ್ಕೆ ಮೆಟ್ಟಿಲು ಕಡಿದು, ಒಳಗೋಡೆಯಲ್ಲಿ ಗೂಡು ಕೊರೆದಿದ್ದರು. ಪಂಚಾಕ್ಷರಿಯನ್ನು ಇಳಿಸಿ ಗೂಡಿನಲ್ಲಿ ಕೂರಿಸಿದರು. ಅಯ್ಯನವರು ಎಡಗೈಯಲ್ಲಿ ಲಿಂಗವಿಟ್ಟು ಮಂತ್ರ ಹೇಳಿದರು. ಬಲಗೈ ತೊಡೆಯ ಮೇಲೆ ಬೆರಳು ಮಡಿಚಿಕೊಂಡು ಸೆಟೆದಿತ್ತು. ವಿಭೂತಿಯ ಚೀಲ ಬಿಚ್ಚುವ ಹೊತ್ತಿಗೆ ಅಶ್ವತ್ಥ್ ಮುಂದೆ ಬಂದರು.

"ಅಯ್ನೋರೇ, ಒಂದು ನಿಮಿಷ. ಅಣ್ಣನ ಚಿಮಟ ಇದು. ರಂಜಿನಿ ಮೇಡಂ ಹತ್ರ ಕೇಳಿ ಇಸ್ಕೊಂಡ್ವಿ. ಅವರ ಕೈಲೇ ಹೋಗ್ಲಿ ಅಂತ ನಮ್ಮೆಲ್ಲರ ಆಸೆ."

ಸಣ್ಣ ಮೂತಿಯ ಚಿಮಟ. ಬೆರಳು ಜಾರದಿರಲೆಂದು ಹಿಡಿಕೆಗೆ ನೇರಳೆ ಬಣ್ಣದ ರೇಷ್ಮೆ ದಾರ ಸುತ್ತಿತ್ತು. ಚಿಕ್ಕಪೇಟೆಗೆ ಕುಚ್ಚಿನ ದಾರ ತರಲು ಹೋದಾಗ ಕಲಾವತಿ ಆರಿಸಿ ಕೊಂಡಿದ್ದು, ದಾರ ಸುತ್ತಿದ್ದೂ ಅವಳೇ. ಕಲಾವತಿ ಮಗಳ ಕಡೆ ತಿರುಗಿದಳು. ರಂಜಿನಿ ಎಲ್ಲೋ ನೋಡುತ್ತಿದ್ದಳು.

"ಪ್ರೀತಿಯ ವಸ್ತು, ಆಗ್ಲಿ ಇಡಿ," ಎಂದರು ಅಯ್ಯನವರು. ಗುಂಡಿಯಲ್ಲಿದ್ದವನು ಅದನ್ನು ಮಡಿಚಿದ ಬೆರಳುಗಳೊಳಗೆ ತೂರಿಸಿದ.

"ಈ ಕೈ ಜೊತೇಲೇ ಈ ವಿದ್ಯೆನೂ ಹೋಯ್ತು," ಅಶ್ವತ್ಥ್ ಕೈಮುಗಿದು ಹೇಳಿದರು. "ಇನ್ನು ನಮ್ಮ ಇಂಜಿನ್‌ಗಳಿಗೆ ಕೊಕ್ಕೆ ಕೂರಿಸೋ ಕೈ ಇಲ್ಲ."

ಇಲ್ಲವೇ? ಕಲಾವತಿ ತನ್ನ ಕೈಗಳನ್ನು ನೋಡಿಕೊಂಡಳು. ಈಗ ಸುಮ್ಮನಿದ್ದರೆ ಇವರ ಪಾಲಿಗೆ ಅವು ಇನ್ನೆಂದಿಗೂ ಇಲ್ಲ. ಮಣ್ಣು ಬೀಳುವುದೊಂದೇ ಬಾಕಿ.

"ತಡೀರಿ," ಎಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲಿಳಿಯತೊಡಗಿದಳು.

"ಏನೇ ಕಲಾ, ತಲೆ ಕೆಟ್ಟಿದೆಯೇನೇ?" ದಾನಮ್ಮ ಚೀರಿದಳು. "ಹೆಂಗಸ್ರು ಗುಂಡಿಗಿಳೀತಾರಾ?"

"ನನ್ನ ಚಿಮಟ ತಗೊಂಡ್ ಬರ್ತೀನಿ ಅತ್ತಿಗೆ."

"ಅಮ್ಮಾ, ಅದು ಅಣ್ಣಂದು..." ಅಶ್ವತ್ಥ್ ತೊದಲಿದರು.

"ನಂದು. ಆ ಕವರ್ರೂ ನಂದೇ. ಕೊಕ್ಕೆ ಹಾಕ್ತಿದ್ದಿದ್ದು ನಾನು. ನಿಮ್ಮ ಅಣ್ಣ ಪಕ್ಕದಲ್ಲಿ ಕೂತು ಕಿತ್ತಳೆ ಹಣ್ಣು ಬಿಡಿಸ್ತಿದ್ರು."

ಅಳುತ್ತಿದ್ದವರೂ ತಲೆಯೆತ್ತಿ ಅವಳನ್ನು ನೋಡಿದರು.

ಅವಳು ಗಂಡನ ಮುಂದೆ ಮಂಡಿಯೂರಿದಳು. ಚಿಮಟ ಬೆರಳ ಸಂದಿಯಲ್ಲಿ ಬಿಗಿಯಾಗಿ ಸಿಕ್ಕಿಕೊಂಡಿತ್ತು. ಗುಂಡಿಯಲ್ಲಿದ್ದವನು ಎಳೆಯಲು ಕೈ ಹಾಕಿದ. "ಎಳೀಬೇಡಪ್ಪ, ಚರ್ಮ ಕಿತ್ತು ಬರತ್ತೆ," ಎಂದು ಅವನನ್ನು ಸರಿಸಿದಳು. ಉಸಿರು ಬಿಗಿ ಹಿಡಿದು ಕಿರುಬೆರಳನ್ನು ಮೊದಲು ಬಿಡಿಸಿದಳು, ಆಮೇಲೆ ಅದರ ಪಕ್ಕದ್ದು, ಆಮೇಲೆ ಉಳಿದವು. ಕಿವಿಯ ಹತ್ತಿರ ಬಾಗಿ, "ಮೋಸ ಮಾಡ್ಬಿಟ್ರಲ್ರೀ," ಎಂದಳು. ಚಿಮಟವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಯಾರ ಕೈಯನ್ನೂ ಹಿಡಿಯದೆ ಮೇಲೆ ಹತ್ತಿದಳು.

ಬಿಡಿಸಿದ ಬೆರಳುಗಳು ಮತ್ತೆ ಮಡಚಿಕೊಳ್ಳಲಿಲ್ಲ. ಆ ಸಂಜೆಗಳಲ್ಲಿ ಕೊಕ್ಕೆ ಕೆಲಸ ಮುಗಿಯುವ ಹೊತ್ತಿಗೆ, ಆಯ್ತಾ, ಕೊಡು ಎಂದು ಅವಳ ಮುಂದೆ ಚಾಚುತ್ತಿದ್ದ ಹಾಗೆಯೇ ಬಲಗೈ ಅಂಗಾತ ತೆರೆದುಕೊಂಡಿತ್ತು. ಅಯ್ಯನವರು ಕಣ್ಸನ್ನೆ ಮಾಡಿದರು. ವಿಭೂತಿ ಸುರಿಯತೊಡಗಿದರು. ಕಾಲು ಮುಚ್ಚಿತು, ತೊಡೆ ಮುಚ್ಚಿತು, ಅಂಗೈ ತುಂಬಿ ಅಂಚಿನಿಂದ ಚೆಲ್ಲಿತು. ಐದು ಬೆರಳ ತುದಿಗಳು ಮಾತ್ರ ಇನ್ನೂ ಸ್ವಲ್ಪ ಹೊತ್ತು ಕಾಣುತ್ತಿದ್ದವು.