ಗುರ್ತು ಸಿಗದಂಗೆ

ಸ್ಪ್ರೇ ಗನ್ನಿಗೆ ಬಣ್ಣ ತುಂಬಿ ಹತ್ತು ನಿಮಿಷವಾಗಿತ್ತು. ಕಂಪ್ರೆಸರ್ ತನ್ನ ಪಾಡಿಗೆ ಬಡಿದುಕೊಳ್ಳುತ್ತಿತ್ತು. ಕ್ಯಾತಣ್ಣ ಮಾತ್ರ ಗನ್ನಿನ ಕುದುರೆ ಒತ್ತಲಾರದೆ ನಿಂತೇ ಇದ್ದ. ಲಾರಿಯ ಬಾಗಿಲುಗಳನ್ನು ತೂಗುಹಾಕುವ ತಂತಿಯಲ್ಲಿ ಅವತ್ತು ಎರಡು ಪ್ಲಾಸ್ಟಿಕ್ ತುಂಡುಗಳು ನೇತಾಡುತ್ತಿದ್ದವು. ಒಂದು ಟೈಪ್‌ರೈಟರಿನ ಮೇಲಿನ ಮುಚ್ಚಳ, ಇನ್ನೊಂದು ಕೀಲಿಗಳ ಸುತ್ತ ಕೂರುವ ಚೌಕಟ್ಟು. ಒಳಗಿನ ಕಬ್ಬಿಣದ ಯಂತ್ರವನ್ನು ಬಿಚ್ಚಿ ಟೈಪಿಂಗ್ ಮೇಷ್ಟ್ರು ರೇಣುಕಯ್ಯನವರು ತಮ್ಮಲ್ಲೇ ಇಟ್ಟುಕೊಂಡಿದ್ದರು. ಸಿರಾದ ಹೈವೇ ಪಕ್ಕದ ಈ ಗ್ಯಾರೇಜಿನಲ್ಲಿ ಕ್ಯಾತಣ್ಣ ಇಪ್ಪತ್ತೆರಡು ವರ್ಷಗಳಿಂದ ಲಾರಿಗಳಿಗೆ ಬಣ್ಣ ಹೊಡೆದುಕೊಂಡು ಬಂದವನು. ಅಂಥವನು ಊಟದ ತಟ್ಟೆಯಷ್ಟಗಲದ ಪ್ಲಾಸ್ಟಿಕ್ಕಿನ ಮುಂದೆ ಗನ್ನನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸುತ್ತಿದ್ದ.

ಗ್ಯಾರೇಜಿನ ಯಜಮಾನರು ಬಾಷಾ ಸಾಬರು. ಕುರಿ ಕಾಯುತ್ತಿದ್ದ ಹುಡುಗ ಕ್ಯಾತಣ್ಣನನ್ನು ಬರಗೂರಿನ ಕಡೆಯಿಂದ ಕರೆತಂದು ಕೈಗೆ ಬ್ರಷ್ಷು ಕೊಟ್ಟವರು ಅವರೇ. ಬೇರೆ ದಿನವಾಗಿದ್ದರೆ "ಏನಯ್ಯಾ, ಗನ್ನಿಗೆ ಪೂಜೆ ಮಾಡ್ತಾ ಇದೀಯಾ" ಎಂದು ರೇಗಿಸುತ್ತಿದ್ದರು. ಇವತ್ತು ಹತ್ತಿರ ಬಂದು ಮೆಲ್ಲಗೆ ಹೇಳಿದರು.

"ಪ್ಲಾಷ್ಟಿಕ್ಕು ತಗಡಲ್ಲಪ್ಪ. ಥಿನ್ನರ್ ಜಾಸ್ತಿ ಆದ್ರೆ ಕರಗ್ಬುಡ್ತದೆ. ಮೊದಲ್ನೇ ಕೋಟು ಮಂಜು ಕೂತಂಗೆ ಕೂರ್ಬೇಕು. ಆಹಿಸ್ತಾ, ನಿಧಾನಕ್ಕೆ ಹೊಡಿ."

ಕ್ಯಾತಣ್ಣ ತಲೆಯಾಡಿಸಿದ. ಕೆಲಸದ ಭಯ ಅವನಿಗಿರಲಿಲ್ಲ. ಈ ಟೈಪ್‌ರೈಟರು ಅವನ ಮಗಳದು. ಮಗಳು ಗಿರಿಯಮ್ಮ ಹೋಗಿ ಐದು ತಿಂಗಳಾಗಿತ್ತು.

ಎರಡು ವರ್ಷದ ಹಿಂದೆ ತಾಲ್ಲೂಕು ಕಚೇರಿಯ ಗುಮಾಸ್ತರೊಬ್ಬರು ರಿಟೈರಾಗಿ ಊರು ಬಿಡುವಾಗ ಕ್ಯಾತಣ್ಣ ಈ ಮಿಷನ್ನನ್ನು ಅವರಿಂದ ಕೊಂಡುಕೊಂಡಿದ್ದ. ಕೈಯಲ್ಲಿ ಹಿಡಿದು ನಡೆಯುವಂಥ ಸಣ್ಣ ಮಿಷನ್ನು, ಕಿತ್ತಳೆ ಬಣ್ಣದ್ದು. ಇಡೀ ಸಿರಾದಲ್ಲಿ ಅಂಥ ಬಣ್ಣದ್ದು ಅದೊಂದೇ. ಗಿರಿಯಮ್ಮ ಬೆಳಿಗ್ಗೆ ರೇಣುಕಯ್ಯನವರ ಇನ್ಸ್ಟಿಟ್ಯೂಟಿನಲ್ಲಿ ಕಲಿತು, ಮಧ್ಯಾಹ್ನ ಮನೆಯಲ್ಲಿ ಕುಟ್ಟುತ್ತಿದ್ದಳು. ಅವಳ ತಾಯಿ ಓಬಳಮ್ಮ ರಾಗಿ ಬೀಸುತ್ತಾ "ನನ್ನ ಕಲ್ಲಿನ ಸದ್ದೇ ನನಗೆ ಕೇಳಂಗಿಲ್ಲ" ಎಂದು ಬೈಯುತ್ತಿದ್ದಳು. ಸದ್ದು ನಿಂತರೆ ಯಾಕೆ ನಿಲ್ಲಿಸಿದೆ ಎಂದೂ ಅವಳೇ ಕೇಳುತ್ತಿದ್ದಳು. ಆಯುಧಪೂಜೆಯ ದಿನ ಅಪ್ಪನ ಗನ್ನಿನ ಪಕ್ಕದಲ್ಲಿ ಮಗಳ ಮಿಷನ್ನು ಕೂತು ಕುಂಕುಮ ಇಡಿಸಿಕೊಂಡಿತ್ತು. ಆ ಕುಂಕುಮ ಮುಚ್ಚಳದ ಮೂಲೆಯ ಸಂದಿಗೆ ಇಳಿದು ಹಾಗೇ ಉಳಿದುಬಿಟ್ಟಿತ್ತು.

ಆಮೇಲೆ ಕಾಮಾಲೆ ಬಂತು. ಕಣ್ಣು ಹಳದಿಯಾದ ದಿನವೇ ಓಬಳಮ್ಮ, ತುಮಕೂರಿನ ದೊಡ್ಡಾಸ್ಪತ್ರೆಗೆ ಹೋಗೋಣ ಎಂದಳು. ಕ್ಯಾತಣ್ಣನಿಗೆ ಗೊತ್ತಿದ್ದ ಮೂವರು ಲಾರಿ ಡ್ರೈವರುಗಳು ವೈ.ಎನ್.ಹೊಸಕೋಟೆಯ ಆಚೆ ಒಬ್ಬ ಮುದುಕನ ಸೊಪ್ಪಿನ ಔಷಧಿಯಲ್ಲಿ ಗುಣವಾಗಿ ಈಗಲೂ ಲಾರಿ ಓಡಿಸುತ್ತಿದ್ದರು. ಕಾಮಾಲೆಗೆ ಇಂಗ್ಲಿಷ್ ಔಷಧಿ ಆಗಿಬರುವುದಿಲ್ಲ ಎಂದು ಗ್ಯಾರೇಜಿನಲ್ಲಿ ಎಲ್ಲರೂ ಹೇಳಿದರು. ಅವನು ಹೆಂಡತಿಯ ಮಾತು ತೆಗೆದುಹಾಕಿ ಮಗಳನ್ನು ಅಲ್ಲಿಗೇ ಕರೆದೊಯ್ದ. ಮುದುಕ ರಸ ಹಿಂಡಿ ಕುಡಿಸಿ, ಉಪ್ಪು ಬಿಡಿಸಿ, "ತಗ್ಗಿಪೋತುಂದಿ" ಎಂದು ತೆಲುಗಿನಲ್ಲಿ ಭರವಸೆ ಕೊಟ್ಟ. ಒಂಬತ್ತನೇ ದಿನ ಹುಡುಗಿಗೆ ಎಚ್ಚರ ತಪ್ಪಿತು. ತುಮಕೂರಿಗೆ ಹೊತ್ತೊಯ್ಯುವಷ್ಟರಲ್ಲಿ ದಾರಿಯಲ್ಲೇ ಎಲ್ಲ ಮುಗಿಯಿತು.

ಓಬಳಮ್ಮ ಅವನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ವಾಸಿಯಿತ್ತು. ಅವಳು 'ನೀನು' ಎನ್ನುವುದನ್ನೇ ಬಿಟ್ಟಳು. ಊಟಕ್ಕೆ ಕರೆಯಬೇಕಾದರೆ "ಮುದ್ದೆ ಆಗೈತೆ" ಎಂದು ಬಾಗಿಲ ಚೌಕಟ್ಟಿಗೆ ಹೇಳಿ ಒಳಗೆ ಹೋಗುತ್ತಿದ್ದಳು. ಸೀಮೆಎಣ್ಣೆ ಮುಗಿದರೆ "ಬುಡ್ಡಿ ಖಾಲಿ" ಎಂದು ಬುಡ್ಡಿಗೇ ಹೇಳುತ್ತಿದ್ದಳು. ಜಗಳವಾಡಿದ ಗಂಡಹೆಂಡಿರು ಎರಡು ದಿನ ಹೀಗೆ ಇರುವುದು ಯಾವ ಮನೆಯಲ್ಲಿ ಇಲ್ಲ? ಇದು ಐದು ತಿಂಗಳಾಗಿತ್ತು. ಗಿರಿಯಮ್ಮನ ಜೊತೆಗೆ ಆ ಒಂದು ಮಾತೂ ಮನೆಬಿಟ್ಟು ಹೋಗಿತ್ತು, ಮತ್ತು ಕ್ಯಾತಣ್ಣನಿಗೆ ಅದನ್ನು ಕೇಳಿ ಪಡೆಯುವ ಮುಖವಿರಲಿಲ್ಲ.

ಹೋದ ವಾರ ರೇಣುಕಯ್ಯನವರು ಮನೆಗೆ ಬಂದು, ಕೂತು, ಎದ್ದು, ಮತ್ತೆ ಕೂತು, ಕಡೆಗೆ ವಿಷಯ ತೆಗೆದರು. ಬರಗೂರಿನಿಂದ ದಿನಾ ಬಸ್ಸಿಗೆ ಬರುವ ಒಬ್ಬಳು ಹುಡುಗಿ ಪರೀಕ್ಷೆಗೆ ಕಟ್ಟಿದ್ದಾಳೆ. ಇನ್ಸ್ಟಿಟ್ಯೂಟಿನಲ್ಲಿ ಅವಳಿಗೆ ಸಿಗುವುದು ದಿನಕ್ಕೆ ಒಂದು ಗಂಟೆ. ಇಲ್ಲಿ ಮಿಷನ್ನು ಬಟ್ಟೆ ಹೊದ್ದು ಸುಮ್ಮನೆ ಕೂತಿದೆ. ತಪ್ಪು ತಿಳಿಯಬೇಡಿ ಎಂದು ಮೂರು ಸಲ ಹೇಳಿದರು. ಕ್ಯಾತಣ್ಣ ನೆಲ ನೋಡುತ್ತಿದ್ದ. ಓಬಳಮ್ಮ ಬಾಗಿಲ ಚೌಕಟ್ಟಿನ ಕಡೆ ತಿರುಗಿ ಹೇಳಿದಳು.

"ಕೊಡಾದಾದ್ರೆ ಕೊಡ್ಲಿ. ಸಂತೆಗೋಗಾ ದಾರಿನಾಗೆ, ಮೇಷ್ಟ್ರ ಬಾಗಿಲಾಗೆ, ಅದು ನನ್ನ ಕಣ್ಣಿಗೆ ಬೀಳ್ತೈತೆ. ಗುರ್ತು ಸಿಗದಂಗೆ ಬಣ್ಣ ಹೊಡ್ದು ಕೊಡ್ಲಿ."

ಹೆಸರಿಲ್ಲ, ನೀನು ಎಂದಿಲ್ಲ. ಆದರೂ ಬಣ್ಣ ಹೊಡೆಯುವವನು ಆ ಮನೆಯಲ್ಲಿ ಇನ್ಯಾರು? ಐದು ತಿಂಗಳಲ್ಲಿ ಅವಳು ಅವನಿಂದ ಕೇಳಿದ ಮೊದಲ ಕೆಲಸ ಅದು. ಇದೊಂದನ್ನಾದರೂ ಅವಳು ಹೇಳಿದಂತೆಯೇ ಮಾಡಬೇಕು ಎಂದು ಕ್ಯಾತಣ್ಣ ಅಲ್ಲೇ ಗಟ್ಟಿ ಮಾಡಿಕೊಂಡ.

ಕೆಲಸ ಅವನು ಚೊಕ್ಕಟವಾಗಿಯೇ ಹಿಡಿದಿದ್ದ. ಸೋಪಿನ ನೀರಿನಲ್ಲಿ ತೊಳೆದ. ವಾಟರ್ ಪೇಪರ್ ನೆನೆಸಿ, ಒಂದೇ ದಿಕ್ಕಿಗೆ, ಬೆರಳ ತುದಿಯಲ್ಲಿ ಉಜ್ಜಿದ. ಅವಳ ಅಂಗೈ ತಾಗಿ ತಾಗಿ ಹೊಳಪು ಬಂದಿದ್ದ ಜಾಗ ಕೂಡ ಉಜ್ಜಿದಾಗ ಮಬ್ಬಾಯಿತು. ಮೂಲೆಯ ಕುಂಕುಮ ಮಾತ್ರ ಬಿಡಲಿಲ್ಲ. ಸೂಜಿಯಲ್ಲಿ ಕೆದಕಿದ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದ. ಹೊರಟ ನೀರು ಕೆಂಪಾಗಿ ಕೈಮೇಲೆ ಹರಿಯಿತೇ ಹೊರತು ಸಂದಿಯ ಕೆಂಪು ಹೋಗಲಿಲ್ಲ. ಇರಲಿ, ಬಣ್ಣದ ಕೆಳಗೆ ಹೋಗುತ್ತದೆ ಎಂದುಕೊಂಡ. ಬಣ್ಣಕ್ಕೆ ಬೂದು ಆರಿಸಿದ. ಯಾರೂ ಎರಡನೇ ಸಲ ನೋಡದ ಬಣ್ಣ ಅದು.

ಕಡೆಗೂ ಕುದುರೆ ಒತ್ತಿದ. ಮೊದಲ ಕೋಟು ಸಾಬರು ಹೇಳಿದಂತೆ ಮಂಜಾಗಿ ಕೂತಿತು. ಒಣಗಲು ಬಿಟ್ಟು, ಎರಡನೆಯದು ಹೊಡೆದ. ಮೂರನೆಯದಕ್ಕೆ ಕಿತ್ತಳೆ ಪೂರ್ತಿ ಮುಳುಗಿತು. ತಂತಿಯಲ್ಲಿ ಈಗ ತೂಗುತ್ತಿದ್ದದ್ದು ಯಾವುದೋ ಸರ್ಕಾರಿ ಕಚೇರಿಯ ಸಾಮಾನು. ಕ್ಯಾತಣ್ಣ ಹೊರಗೆ ಹೋಗಿ ಮಡಕೆಯ ನೀರು ಕುಡಿದ. ಬುತ್ತಿ ಬಿಚ್ಚಲು ಮನಸ್ಸಾಗಲಿಲ್ಲ.

ಮಧ್ಯಾಹ್ನ ಮಧುಗಿರಿಯ ಮಹಾಲಿಂಗಯ್ಯನವರ ಲಾರಿ ಕಾಯುತ್ತಿತ್ತು. ಬಣ್ಣ ಹಿಂದಿನ ದಿನವೇ ಮುಗಿದಿತ್ತು. ಹಣೆಯ ಮೇಲೆ ಮಕ್ಕಳ ಹೆಸರು ಬರೆಯುವುದಷ್ಟೇ ಬಾಕಿ. ಈ ಸೀಮೆಯಲ್ಲಿ ಲಾರಿ ಎಂದರೆ ಹಾಗೆ: ಗಾಜಿನ ಮೇಲೆ, ಹಣೆಯ ನಡುವೆ, ಯಜಮಾನನ ಮಕ್ಕಳ ಹೆಸರು ಇರಲೇಬೇಕು. ಅಕ್ಷರಕ್ಕೆ ಕ್ಯಾತಣ್ಣನೇ ಆಗಬೇಕು. ಪುಣೆಗೆ, ಮದ್ರಾಸಿಗೆ ಹೋಗುವ ಎಷ್ಟು ಲಾರಿಗಳ ಮೇಲೆ ಯಾರ‍್ಯಾರದೋ ಮಕ್ಕಳನ್ನು ಅವನು ಕೂರಿಸಿ ಕಳಿಸಿದ್ದನೋ! ಗಿರಿಯಮ್ಮ ಚಿಕ್ಕವಳಿದ್ದಾಗ ಒಮ್ಮೆ, ನನ್ನ ಹೆಸರು ಯಾವ ಲಾರಿಗೆ ಬರೆಯುತ್ತೀಯ ಎಂದು ಕೇಳಿದ್ದಳು. ನಮ್ಮದೇ ಲಾರಿ ತಗೊಂಡ ದಿನ ಎಂದು ಅವನು ನಕ್ಕಿದ್ದ.

ಹಳದಿ ಕಲಸಿ ಎರಡು ಹೆಸರು ಬರೆದ. ಕೆಳಗಿಳಿದಾಗ ಬ್ರಷ್ಷಿನಲ್ಲಿ ಬಣ್ಣ ಉಳಿದಿತ್ತು. ಒಣಗಿದ ಮುಚ್ಚಳವನ್ನು ತಂತಿಯಿಂದ ಬಿಡಿಸಿ ಸ್ಟೂಲಿನ ಮೇಲೆ ಇಟ್ಟಿದ್ದ. ಹೊಸ ಬಣ್ಣ, ಒಳ್ಳೆ ನುಣುಪು, ಎದುರಿಗೆ ಖಾಲಿ ಹಣೆ. ಇಪ್ಪತ್ತೆರಡು ವರ್ಷದ ಅಭ್ಯಾಸ ಕೇಳಬೇಕೇ? ಕೈ ತಾನಾಗಿ ಹೋಯಿತು. 'ಮ್ಮ' ಎಂಬ ಕೊನೆಯ ಅಕ್ಷರದ ಬಾಲ ಎಳೆದು ಬ್ರಷ್ ಎತ್ತಿದ ಮೇಲೆಯೇ ಕ್ಯಾತಣ್ಣನಿಗೆ ತಾನೇನು ಬರೆದೆ ಎಂದು ಗೊತ್ತಾದದ್ದು. ಗಿರಿಯಮ್ಮ. ಬೂದುಬಣ್ಣದ ಮೇಲೆ ಹಳದಿ ಅಕ್ಷರ, ಲಾರಿಯ ಹಣೆಗೆ ಹೇಳಿ ಮಾಡಿಸಿದಂತಿತ್ತು.

ಅಯ್ಯೋ, ಗುರ್ತು ಸಿಗದಂಗೆ ಎಂದಿದ್ದಳಲ್ಲ ಅವಳು! ಇದೊಂದೂ ನೆಟ್ಟಗೆ ಮಾಡಲಾಗಲಿಲ್ಲವಲ್ಲ ನನ್ನ ಕೈಯಲ್ಲಿ ಎಂದು ಅವನು ಬ್ರಷ್ಷನ್ನು ಡಬ್ಬಿಗೆ ಹಾಕಿದ. ಬಾಷಾ ಸಾಬರು ದೂರದಿಂದ ನೋಡಿದರು. ಹೋಗಿ ಕಂಪ್ರೆಸರ್ ಆರಿಸಿದರು.

ಸುತ್ತಲಿನ ಬಣ್ಣ ಕೆಡಬಾರದೆಂದು ಕ್ಯಾತಣ್ಣ ಬೆಂಕಿಕಡ್ಡಿಯ ತುದಿಗೆ ಹತ್ತಿ ಸುತ್ತಿ, ಥಿನ್ನರಿನಲ್ಲಿ ಅದ್ದಿ, ಒಂದೊಂದೇ ಅಕ್ಷರವನ್ನು ಅದರ ಗೆರೆ ಹಿಡಿದು ಒರೆಸಿದ. ಗಿ ಹೋಯಿತು. ರಿ ಹೋಯಿತು. ಹಳದಿ ಪೂರ್ತಿ ಹೋದ ಮೇಲೆ ಬಗ್ಗಿ ನೋಡುತ್ತಾನೆ, ಕಡ್ಡಿ ಓಡಿದಲ್ಲೆಲ್ಲ ಪ್ಲಾಸ್ಟಿಕ್ಕು ಕರಗಿ ಕೂದಲೆಳೆಯಷ್ಟು ತಗ್ಗಾಗಿತ್ತು. ಥಿನ್ನರಿನ ಮಾತು ಸಾಬರು ಬೆಳಿಗ್ಗೆಯೇ ಹೇಳಿದ್ದರು, ಗಾಬರಿಯಲ್ಲಿ ಮರೆತಿದ್ದ. ಒರೆಸುತ್ತೇನೆಂದು ಹೋಗಿ ಅದೇ ಹೆಸರನ್ನು ಇನ್ನೊಮ್ಮೆ, ಅಳಿಯದ ಹಾಗೆ ಬರೆದಿದ್ದ. ಉಜ್ಜಿದರೆ ತೂತು ಬೀಳುವ ಭಯ. ಕಂಪ್ರೆಸರ್ ಮತ್ತೆ ಹಾಕಿ, ಮೇಲೆ ಇನ್ನೆರಡು ಕೋಟು ಬೂದು ಹೊಡೆದ. ಒಣಗಿದ ಮೇಲೆ ಎದುರಿಗೆ ಹಿಡಿದು ನೋಡಿದ, ಬಿಸಿಲಿಗೆ ಹಿಡಿದು ನೋಡಿದ. ಕಣ್ಣಿಗೆ ಏನೂ ಕಾಣಲಿಲ್ಲ.

ಹೊತ್ತು ಇಳಿಯುವ ಮುಂಚೆ ಎರಡೂ ತುಂಡುಗಳನ್ನು ಟವೆಲಿನಲ್ಲಿ ಸುತ್ತಿಕೊಂಡು ಮನೆಗೆ ಬಂದ. ಓಬಳಮ್ಮ ಜಗಲಿಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದಳು. ಟವೆಲು ಬಿಚ್ಚಿ ಅವಳ ಮುಂದಿಟ್ಟು ದೂರ ಕೂತ. ಅವಳು ಮುಚ್ಚಳವನ್ನು ಎತ್ತಿಕೊಂಡು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು.

"ಗುರ್ತು ಸಿಗಂಗಿಲ್ಲ" ಎಂದು ಬಾಗಿಲ ಚೌಕಟ್ಟಿಗೆ ಹೇಳಿದಳು.

ಕ್ಯಾತಣ್ಣನಿಗೆ ಉಸಿರು ಬಂತು. ಅವಳು ಸೆರಗಿನ ತುದಿಯಿಂದ ಅದರ ಮೇಲಿನ ಧೂಳು ಒರೆಸಿದಳು. ಒರೆಸುವ ಕೈ ಎಡಗಡೆ ಒಂದು ಕಡೆ ನಿಂತಿತು. ಸೆರಗು ಬಿಟ್ಟು ಬರಿಯ ಬೆರಳಾಡಿಸಿದಳು. ಬೆರಳು ಮುಂದೆ ಹೋಗಿ ಮತ್ತೆ ಅಲ್ಲಿಗೇ ಬಂತು.

ಓಬಳಮ್ಮನಿಗೆ ಓದು ಬರದು. ಆದರೆ ಒಂದಕ್ಷರ ಅವಳಿಗೆ ಗೊತ್ತಿತ್ತು. ಮಗಳ ಮದುವೆಗೆಂದು ಅವಳು ಸಂತೆ ಸಂತೆಗೂ ಒಂದೊಂದೇ ಸ್ಟೀಲ್ ಪಾತ್ರೆ ಕೊಂಡು, ಅಂಗಡಿಯಲ್ಲೇ 'ಗಿ' ಎಂದು ಕೆತ್ತಿಸಿ ಟ್ರಂಕಿನಲ್ಲಿ ಇಡುತ್ತಿದ್ದಳು. ತಿಂಗಳಿಗೊಮ್ಮೆ ತೆಗೆದು ಒರೆಸಿ ಮತ್ತೆ ಇಡುತ್ತಿದ್ದಳು. ಆ ಅಕ್ಷರವನ್ನು ಅವಳು ಕಲಿತದ್ದು ಬೆರಳಿನಲ್ಲಿ.

ಅವಳು ಎದ್ದು ಒಳಗೆ ಹೋದಳು. ಟ್ರಂಕು ತೆರೆದ ಸದ್ದಾಯಿತು. ಐದು ತಿಂಗಳಿಂದ ಅದನ್ನು ಯಾರೂ ತೆರೆದಿರಲಿಲ್ಲ. ಒಂದು ಊಟದ ತಟ್ಟೆ ಹಿಡಿದು ಬಂದು, ಒಂದು ಕೈಯ ಹೆಬ್ಬೆರಳನ್ನು ತಟ್ಟೆಯ ಅಂಚಿನ ಮೇಲೆ, ಇನ್ನೊಂದು ಕೈಯದನ್ನು ಮುಚ್ಚಳದ ಮೇಲೆ ಆಡಿಸಿದಳು. ಆಮೇಲೆ ತಲೆಯೆತ್ತಿ ಗಂಡನ ಮುಖ ನೋಡಿದಳು.

"ನೀನ್ ಬರ್ದ್ಯಾ?"

ಕ್ಯಾತಣ್ಣನಿಗೆ ಮೊದಲು ಕೇಳಿಸಿದ್ದು ಆ 'ನೀನು' ಒಂದೇ. ಪ್ರಶ್ನೆ ಆಮೇಲೆ ಕೇಳಿಸಿತು.

"ಹೂಂ. ಕೈ ತಪ್ಪೋಯ್ತು. ಕೊಡಿಲ್ಲಿ, ಇನ್ನೆರಡು ಕೋಟು ಹೊಡ್ಕಂಡ್ ಬತ್ತೀನಿ."

ಅವಳು ಕೊಡಲಿಲ್ಲ. ಅದನ್ನು ಮಡಿಲಲ್ಲಿ ಇಟ್ಟುಕೊಂಡು, ದನಿ ಏರಿಸದೆ ಕೇಳಿದಳು.

"ತುಮ್ಕೂರ್ಗೆ ಯಾಕೆ ಕರ್ಕಂಡೋಗ್ಲಿಲ್ಲ ನೀನು?"

ಐದು ತಿಂಗಳಿಂದ ಈ ಮಾತಿಗೆ ಕಾದಿದ್ದವನು ಅವನು. ಉತ್ತರಗಳನ್ನೂ ಕೂಡಿಟ್ಟುಕೊಂಡಿದ್ದ: ಆ ಮೂವರು ಡ್ರೈವರುಗಳು, ಗ್ಯಾರೇಜಿನವರ ಮಾತು, ತಗ್ಗುತ್ತದೆ ಎಂದ ಮುದುಕ.

"ನಂಗೆ ಗೊತ್ತಾಗ್ಲಿಲ್ಲ ಕಣೆ ಓಬ್ಳಿ" ಎಂದ. "ನಾನೇ ಕಳ್ಕಂಬುಟ್ಟೆ."

ಅವನು ಮೊಣಕಾಲಿಗೆ ಮುಖ ಕೊಟ್ಟು ಅತ್ತ. ಅವಳ ಕಣ್ಣೀರೂ ಬೂದುಬಣ್ಣದ ಮೇಲೆ ಬೀಳುತ್ತಿತ್ತು, ಅವಳು ಒರೆಸುತ್ತಿದ್ದಳು. ರಸ್ತೆಯಲ್ಲಿ ಬರಗೂರಿನ ಬಸ್ಸು ಹಾರನ್ ಹೊಡೆಯುತ್ತಾ ಹೋಯಿತು.

"ಬೆಳಿಗ್ಗೆ ಮೇಷ್ಟ್ರಿಗೆ ಕೊಟ್ಬುಡು" ಎಂದಳು. "ಹಿಂಗೇ ಕೊಡು. ಇನ್ನ ಕೋಟು ಬ್ಯಾಡ."

ಮುಚ್ಚಳವನ್ನು ಟವೆಲಿನಲ್ಲಿ ಸುತ್ತಿಟ್ಟು, ಬಿಚ್ಚದೆ ವಾಪಸು ತಂದಿದ್ದ ಅವನ ಬುತ್ತಿಯನ್ನು ನೋಡಿ ಒಳಗೆ ಹೋದಳು. ಬಂದವಳ ಕೈಯಲ್ಲಿ ಮುದ್ದೆ, ಸಾರು ಇತ್ತು. ಹೊಸ ತಟ್ಟೆಯಲ್ಲೇ ಬಡಿಸಿದ್ದಳು. ಅವನ ಮುಂದಿಟ್ಟು ಎದುರಿಗೇ ಕೂತಳು. ಮುದ್ದೆ ಮುರಿಯಲು ಕೈ ಹಾಕಿದಾಗ ಅಂಚಿನ ಅಕ್ಷರ ಕ್ಯಾತಣ್ಣನ ಹೆಬ್ಬೆರಳ ಕೆಳಗೆ ಸಿಕ್ಕಿತು. ಅವನು ಕೈ ತೆಗೆದು, ಅಕ್ಷರ ಅವಳ ಕಡೆಗೆ ಬರುವಂತೆ ತಟ್ಟೆಯನ್ನು ಮೆಲ್ಲಗೆ ತಿರುಗಿಸಿಕೊಂಡ.