ಕಸ್ಟರ್ಡಿನ ಡಬ್ಬಿಗೆ ಬಿದ್ದ ಕೊನೆಯ ಬಿಲ್ಲೆ

ಗಲ್ಲಾ ಮುಂದೆ ನಿಂತಾಗ, ಹಿಂದೆ ನಾಲ್ಕು ಜನ ಕಾಯುತ್ತಿದ್ದರೆ, 'ಬೇಡ' ಎನ್ನುವ ಧೈರ್ಯ ಲ್ಯಾಂಕಶೈರಿನ ನಮ್ಮ ಪುಟ್ಟ ಊರಿನಲ್ಲಿ ಯಾರಿಗೂ ಇರಲಿಲ್ಲ. ಯುದ್ಧ ಗೆದ್ದವರ ಮೊಮ್ಮಕ್ಕಳು ನಾವು. ಆದರೆ ಗಲ್ಲಾದಲ್ಲಿ ಕೂತವರು "ಒಳ್ಳೇ ಕೆಲಸಕ್ಕೆ ಐವತ್ತು ಪೆನ್ಸ್ ಸೇರಿಸ್ಲಾ?" ಎಂದರೆ ಅಲ್ಲೇ ಶರಣಾಗಿಬಿಡುತ್ತಿದ್ದೆವು. ಗ್ಯಾರಿ ಥ್ರೆಲ್‌ಫಾಲ್‌ಗೆ ಇದು ಚೆನ್ನಾಗಿ ಗೊತ್ತಿತ್ತು.

ಮಾರ್ಕೆಟ್ ಬೀದಿಯಲ್ಲಿ ಅವನದು ವೇಪ್, ಅಂದರೆ ಇ-ಸಿಗರೇಟಿನ, ಅಂಗಡಿ. ಜೊತೆಗೆ ಬ್ಯಾಟರಿ, ಕೊಡೆ ಇತ್ಯಾದಿ. ವೇಪ್‌ನಲ್ಲಿ ಸೇದುವ ದ್ರವವನ್ನು ಹಿಂದಿನ ಕೋಣೆಯಲ್ಲಿ ತಾನೇ ಬೆರೆಸುತ್ತಿದ್ದ. ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಖರ್ಚಾಗುತ್ತಿದ್ದದ್ದು 'ಶಾಲೆಯ ಕಸ್ಟರ್ಡ್' ಎಂಬ ರುಚಿ. ಒಂದು ದಮ್ಮು ಎಳೆದರೆ ಸಾಕು, ನಮ್ಮ ಶಾಲೆಯ ಊಟದ ಕೋಣೆ ಕಣ್ಣಿಗೆ ಕಟ್ಟುತ್ತಿತ್ತು. ಕಟ್ಟಲೇಬೇಕು, ನಿಜವಾದ ಕಸ್ಟರ್ಡನ್ನು ಅಲ್ಲಿ ವರ್ಷಗಟ್ಟಲೆ ಬಡಿಸಿದವಳು ಬೆರಿಲ್ ಹಾವರ್ತ್, ಎರಡೆರಡು ಸಲ ಹಾಕಿಸಿಕೊಂಡು ತಿಂದವನು ಗ್ಯಾರಿ.

ಬೆರಿಲ್‌ಳ ತಮ್ಮ ವಿಲ್ಫ್ ಊರಿನ ಬ್ಯಾಂಡಿನಲ್ಲಿ ಕಾರ್ನೆಟ್ ಎಂಬ ಪುಟ್ಟ ತುತ್ತೂರಿ ಊದುವವನು. ಅಕ್ಕನ ಕಾಟ ತಾಳದೆ ಸಿಗರೇಟು ಬಿಟ್ಟು ಕಸ್ಟರ್ಡ್ ಹಿಡಿದ. ವರ್ಷ ತುಂಬುವುದರೊಳಗೆ ಮೆಟ್ಟಿಲು ಹತ್ತಿದರೆ ಏದುಸಿರು, ಮಾತಾಡಿದರೆ ಒಣಕೆಮ್ಮು. ಎದೆಯೊಳಗಿನ ಸಣ್ಣ ನಾಳಗಳು ಮುಚ್ಚಿಕೊಳ್ಳುತ್ತಿವೆ, ತೆರೆಯುವ ಔಷಧಿ ಇಲ್ಲ ಎಂದರು ಡಾಕ್ಟರು. ಬ್ಯಾಂಡಿನವರು ಅವನ ಕುರ್ಚಿಯನ್ನು ಬಹಳ ಮರ್ಯಾದೆಯಿಂದ ಇನ್ನೊಬ್ಬನಿಗೆ ಕೊಟ್ಟರು.

ಬೆರಿಲ್ ಒಂದು ಶನಿವಾರ, ಅಂಗಡಿ ತುಂಬಿದ್ದಾಗಲೇ, ಹೋದಳು.

"ಗ್ಯಾರಿ, ಈ ಕಸ್ಟರ್ಡಿಗೆ ಏನು ಹಾಕ್ತೀಯೋ?"

"ಅದು ಗುಟ್ಟು ಆಂಟಿ. ನಿಮ್ಮದಕ್ಕೆ ಏನು ಹಾಕ್ತಿದ್ರಿ ಅಂತ ನಾವು ಯಾವತ್ತಾದ್ರೂ ಕೇಳಿದ್ವಾ?"

ಸಾಲಿನಲ್ಲಿದ್ದವರು ನಕ್ಕರು.

"ನನ್ನದು ಹೊಟ್ಟೆಗೆ ಹೋಗ್ತಿತ್ತು. ನಿನ್ನದು ವಿಲ್ಫ್ ಎದೇಲಿ ಹೋಗಿ ಕೂತಿದೆ. ಕಾರ್ನೆಟ್ ಊದೋಕೆ ಉಸಿರಿಲ್ಲ ಅವನಿಗೆ."

"ವಯಸ್ಸಾಯ್ತು ಆಂಟಿ ಅವರಿಗೆ. ಊದೋಕೆ ಆಗದಿದ್ರೆ ಡೋಲು ಬಾರಿಸ್ಲಿ. ಎಲ್ಲಾ ನನ್ನ ಕಸ್ಟರ್ಡಿಂದ ಅಂತೀರಲ್ಲ, ಎಲ್ಲಿದೆ ಸಂಶೋಧನೆ? ತಗೊಂಡ್ಬನ್ನಿ, ಆಮೇಲೆ ಮಾತಾಡೋಣ."

ಈ ಸಲ ನಗು ಜೋರಾಗಿಯೇ ಬಂತು.

"ಆಯ್ತಪ್ಪ," ಎಂದಳು ಬೆರಿಲ್. ಅವಳ ಕೈಯ ಊಟ ಉಂಡವರಿಗೆ ಆ 'ಆಯ್ತಪ್ಪ' ಗೊತ್ತು. ಎಲೆಕೋಸು ತಿನ್ನದೆ ಬಿಟ್ಟವರಿಗೆ ಅವಳು ಹೇಳುತ್ತಿದ್ದ ಮಾತು ಅದು. ಮರುದಿನ ಅದೇ ಎಲೆಕೋಸು ಅದೇ ತಟ್ಟೆಗೆ ವಾಪಸು ಬರುತ್ತಿತ್ತು.

ಚಳಿಗಾಲದ ಹೊತ್ತಿಗೆ ಪತ್ರಿಕೆಗಳು ವೇಪ್ ಹೊಗೆಯ ಬಗ್ಗೆ ಹೆದರಿಸತೊಡಗಿದವು, ವ್ಯಾಪಾರ ಇಳಿಯಿತು. ಗ್ಯಾರಿಗೆ ಒಂದು ಉಪಾಯ ಹೊಳೆಯಿತು. ಏನೇ ಕೊಂಡರೂ ಗಲ್ಲಾದಲ್ಲಿ ಕೇಳುವುದು: "ವೇಪ್ ಸುರಕ್ಷತೆಯ ಸಂಶೋಧನೆಗೆ ಐವತ್ತು ಪೆನ್ಸ್ ಸೇರಿಸ್ಲಾ?" ಕೊಟ್ಟವರಿಗೊಂದು ನೀಲಿ ಬಿಲ್ಲೆ. ಬಾಗಿಲ ಬಳಿ ಮೂರು ಗಾಜಿನ ಡಬ್ಬಿ: ಅಂಚೆಯಲ್ಲಿ ಬರುವ ಅಗ್ಗದ ವೇಪ್ ಕಡ್ಡಿಗಳದ್ದೊಂದು, ಪೆಟ್ರೋಲ್ ಬಂಕಿನವರು ಮಾರುವ ಪುದೀನ ರುಚಿಯದ್ದೊಂದು, ತನ್ನ ಕಸ್ಟರ್ಡಿನದ್ದೊಂದು. ಯಾವುದರಲ್ಲಿ ಹೆಚ್ಚು ಬಿಲ್ಲೆ ಬೀಳುತ್ತದೋ ಅದನ್ನು ಪಕ್ಕದೂರಿನ ಕಾಲೇಜಿನ ರಸಾಯನಶಾಸ್ತ್ರದವರು ಪರೀಕ್ಷೆ ಮಾಡುತ್ತಾರೆ.

"ನಿನ್ನದನ್ನೂ ಯಾಕೆ ಇಟ್ಟೆ ಮಾರಾಯಾ?" ಎಂದು ಪಬ್ಬಿನಲ್ಲಿ ಅವನ ಗೆಳೆಯ ಕೀತ್ ಕೇಳಿದ.

"ಖಾಲಿ ಡಬ್ಬಿಗಿಂತ ದೊಡ್ಡ ಜಾಹೀರಾತು ಉಂಟೇನೋ? ಕಸ್ಟರ್ಡ್ ಮೇಲೆ ಯಾರಿಗೂ ಅನುಮಾನ ಇಲ್ಲ ಅಂತ ತಾನೇ ಅರ್ಥ? ಜೇಡ ಬಲೆ ಕಟ್ಟುತ್ತೆ ಅದರಲ್ಲಿ, ನೋಡ್ತಿರು."

ಅವನು ಹುಟ್ಟಿದ್ದು ಈ ಊರಿನಲ್ಲೇ, ಆದರೂ ಮರೆತ. ಖಾಲಿ ಡಬ್ಬಿಯನ್ನು ಕಂಡರೆ ನಮಗೆ ತಡೆದುಕೊಳ್ಳಲಾಗುವುದಿಲ್ಲ. ಸೂಪರ್‌ಮಾರ್ಕೆಟ್ಟಿನಲ್ಲೂ ಇಂಥವೇ ಮೂರು ಡಬ್ಬಿಗಳಿವೆ: ಮುದಿ ಕತ್ತೆಗಳ ಆಶ್ರಮಕ್ಕೆ, ಸ್ಕೌಟುಗಳಿಗೆ, ವೃದ್ಧರ ಚಹಾಕೂಟಕ್ಕೆ. ಯಾವುದರಲ್ಲಿ ಕಡಿಮೆ ಇದೆಯೋ 'ಪಾಪ' ಎಂದು ಅದಕ್ಕೇ ಹಾಕುತ್ತೇವೆ. ಕತ್ತೆಯ ಮೇಲೆ ಪ್ರೀತಿ ಇದ್ದವರೂ ಅಷ್ಟೆ. ಹಾಗಾಗಿ ಗ್ಯಾರಿಯ ಮೂರು ಡಬ್ಬಿಗಳೂ ಒಂದೇ ಮಟ್ಟದಲ್ಲಿ ಏರತೊಡಗಿದವು. ಗಾಬರಿಯಾಗಿ ಅವನು ಕಸ್ಟರ್ಡಿನ ಡಬ್ಬಿಯನ್ನು ಹೂಕುಂಡದ ಹಿಂದೆ ಸರಿಸಿದ. ಜನರ ಕನಿಕರ ಇಮ್ಮಡಿಯಾಯಿತು.

ಬೆರಿಲ್ ವಾರವಾರ ಬಂದು ಒಂದು ಬ್ಯಾಟರಿ ಕೊಂಡು ಡಬ್ಬಿಗಳನ್ನು ನೋಡಿಕೊಂಡು ಹೋಗುತ್ತಿದ್ದಳು. ಮೂರೂ ಸಮವಾಗಿಯೇ ಇರುವುದಾದರೆ ತೀರ್ಮಾನ ಮಾಡುವುದು ಕೊನೆಯ ಕೈ ಎಂದು ಅವಳಿಗೆ ಹೊಳೆಯಿತು. ಗ್ಯಾರಿಗೂ ಹೊಳೆಯಿತು. ಬಿಲ್ಲೆ ಹಾಕುವ ಕಡೆಯ ಶನಿವಾರ ಸಂಜೆ, ಅಂಗಡಿ ಮುಚ್ಚುವ ಹೊತ್ತಿಗೆ ಸಾಲಿನಲ್ಲಿ ಉಳಿದದ್ದು ಇಬ್ಬರೇ: ಮುಂದೆ ಬೆರಿಲ್, ಹಿಂದೆ, ಪುದೀನಕ್ಕೆ ಹಾಕಬೇಕೆಂದು ಗ್ಯಾರಿಯಿಂದ ಹೇಳಿಸಿಕೊಂಡು ಬಂದ ಕೀತ್.

"ನೀನು ಮುಂದೆ ಹೋಗಪ್ಪ ಕೀತ್," ಎಂದಳು ಬೆರಿಲ್.

"ಛೆ ಛೆ, ನೀವು ಮೊದಲು ಆಂಟಿ."

"ನಿನಗೆ ಮೊಣಕಾಲು ನೋವು. ಹೋಗು."

"ಮೊಣಕಾಲು ಈಗ ಪರವಾಗಿಲ್ಲ ಆಂಟಿ."

"ಮನೇಲಿ ಹೆಂಡತಿ ಊಟ ಇಟ್ಕೊಂಡು ಕಾಯ್ತಿರ್ತಾಳೆ. ಹೋಗೋ, ನನಗೇನು ಅವಸರ."

ಮೂರನೇ ಸಲ ಕರೆದರೆ ಒಲ್ಲೆ ಎನ್ನುವುದು ನಮ್ಮಲ್ಲಿ ಬೈಗುಳಕ್ಕೆ ಸಮ. ಕೀತ್ ಮುಂದೆ ಹೋದ. ಕೊಡೆ ಕೊಂಡ, ಬಿಲ್ಲೆ ಪಡೆದ, ಡಬ್ಬಿಗಳ ಮುಂದೆ ನಿಂತ. ಎರಡು ಸಮ ಇದ್ದವು. ಹೂಕುಂಡದ ಹಿಂದಿನದರಲ್ಲಿ ಒಂದು ಕಡಿಮೆ.

"ಕೀತ್!" ಎಂದ ಗ್ಯಾರಿ.

ತಡವಾಗಿತ್ತು. ಕೈ ಹೇಗೆ ಹೋಯಿತೋ ಗೊತ್ತಿಲ್ಲ ಎಂದು ಕೀತ್ ಇವತ್ತಿಗೂ ಆಣೆ ಮಾಡುತ್ತಾನೆ. ಈಗ ಮೂರೂ ಸಮ.

ಬೆರಿಲ್ ನಿಧಾನವಾಗಿ ಬ್ಯಾಟರಿ ಆರಿಸಿದಳು.

"ಆಂಟಿ, ಟೈಮಾಯ್ತು. ಮುಚ್ಚಬೇಕು."

"ಮುಚ್ಚಪ್ಪ. ನಾನು ಒಳಗೇ ಇದೀನಲ್ಲ. ಕೇಳಲ್ವಾ, ಐವತ್ತು ಪೆನ್ಸ್ ಸೇರಿಸ್ಲಾ ಅಂತ?"

ಕೇಳಿದ. ಬಿಲ್ಲೆ ಕಸ್ಟರ್ಡಿಗೆ ಬಿತ್ತು.

ಮುಂದಿನ ವಾರ ಪತ್ರಿಕೆಯವರು ಬಂದು, ಕಾಲೇಜಿಗೆ ಕೊಡುವ ಹಲಗೆಯಷ್ಟಗಲದ ಚೆಕ್ಕನ್ನು ಗ್ಯಾರಿಯ ಕೈಯಲ್ಲಿ ಹಿಡಿಸಿ, ನಗಿಸಿ, ಫೋಟೋ ತೆಗೆದರು. ವಸಂತದಲ್ಲಿ ಫಲಿತಾಂಶ ಬಂದಾಗ ಮುಖಪುಟಕ್ಕೆ ಅದೇ ಫೋಟೋ ಹಾಕಿದರು. ಕಸ್ಟರ್ಡಿಗೆ ಬೆಣ್ಣೆಯ ಘಮ ಕೊಡುತ್ತಿದ್ದದ್ದು ಎದೆಯೊಳಗೆ ಹೋಗಲೇಬಾರದ, ಕಾನೂನು ನಿಷೇಧಿಸಿದ ವಸ್ತು; ಆ ಸುದ್ದಿಯ ಮೇಲೆ ಹಲ್ಲೆಲ್ಲ ಕಾಣುವಂತೆ ನಗುತ್ತಿರುವ ಗ್ಯಾರಿ. ಪುರಸಭೆಯವರು ಸೀಸೆಗಳನ್ನೆಲ್ಲ ಹೊತ್ತೊಯ್ದರು. ವಿಲ್ಫ್‌ನ ಎದೆ ಕೆಟ್ಟದ್ದು ಇದರಿಂದಲೇ ಎಂದು ಹೇಳಲಾಗದು ಎಂದು ಪರೀಕ್ಷೆ ಮಾಡಿದ ಕಾಲೇಜಿನಾಕೆ ಬೆರಿಲ್‌ಗೆ ಎಚ್ಚರಿಕೆಯಿಂದ ವಿವರಿಸಿದಳು.

"ಪರವಾಗಿಲ್ಲಮ್ಮ," ಎಂದಳು ಬೆರಿಲ್. "ಅವನ ಅಂಗಡಿಗೆ ಇಷ್ಟು ಸಾಕು."

ಆದರೆ ಗ್ಯಾರಿ ಬಾಗಿಲು ಹಾಕಲಿಲ್ಲ. ಪರೀಕ್ಷೆಯೇ ತಪ್ಪು, ಇನ್ನೊಂದು ಮಾಡಿಸಿ ಹೆಸರು ತೊಳೆದುಕೊಳ್ಳುತ್ತೇನೆ ಎಂದು ಹೊರಟ. ಅದಕ್ಕೂ ದುಡ್ಡು ನಮ್ಮದೇ. ಶನಿವಾರ ಅವನೇ ಗಲ್ಲಾದಲ್ಲಿದ್ದ. ಸಾಲಿನಲ್ಲಿ ಮೊದಲನೆಯವಳು ಬೆರಿಲ್, ಕೈಯಲ್ಲಿ ಬ್ಯಾಟರಿ.

"ಮರುಪರೀಕ್ಷೆಗೆ ಐವತ್ತು ಪೆನ್ಸ್ ಸೇರಿಸ್ಲಾ?" ಅವಳ ಮುಖ ನೋಡದೆ ಕೇಳಿದ.

ಹಿಂದಿದ್ದವರೆಲ್ಲ ತಂತಮ್ಮ ಬೂಟು ನೋಡಿಕೊಂಡರು.

"ಬೇಡ," ಎಂದಳು ಬೆರಿಲ್, ಊಟದ ಕೋಣೆಯ ಕಟ್ಟಕಡೆಯ ಮೇಜಿಗೂ ಮುಟ್ಟುತ್ತಿದ್ದ ದನಿಯಲ್ಲಿ.

ಸೂರು ಕಳಚಿ ಬೀಳಲಿಲ್ಲ. ಅವಳ ಹಿಂದಿದ್ದ ಹೆಂಗಸು ಬಾಯಲ್ಲಿ ಆ ಮಾತಿನ ರುಚಿ ನೋಡುವವಳಂತೆ, "ನನಗೂ ಬೇಡ," ಎಂದಳು. ಅವಳ ಹಿಂದಿನವನೂ ಅದನ್ನೇ ಅಂದ. ಕೊನೆಯಲ್ಲಿದ್ದ ಕೀತ್ ತನ್ನ ಸರದಿಗೂ ಕಾಯದೆ ಅಲ್ಲಿಂದಲೇ ಕೂಗಿದ: "ಬೇಡ ಕಣೋ ಗ್ಯಾರಿ!"

ಬಾಗಿಲವರೆಗೆ ಹೋದ ಬೆರಿಲ್ ತಿರುಗಿ ನಿಂತಳು.

"ಇನ್ಮೇಲೆ ಕೈ ಖಾಲಿ ಇರುತ್ತಲ್ಲಪ್ಪ ನಿನಗೆ, ಡೋಲು ಬೇಕಾದ್ರೆ ಹೇಳು. ಬ್ಯಾಂಡಿನವರು ವಿಲ್ಫ್‌ಗೆ ಒಂದು ಕೊಟ್ಟಿದ್ರು. ಅದನ್ನ ಬಾರಿಸೋಕೂ ಉಸಿರು ಬೇಕಂತೆ."